ಆಯಿಲ್ ಸೋರೋದು ಅಂತೂ ನಿಂತ್ತು, ಕಲಬುರಗಿ ಸೇಡಂ ರೋಡ್ ಗ್ಯಾರೇಜ್
ನಮ್ಮ ಹಳೆ ಕಾರಿನ ಕೆಳಗ ದಿನಾ ಮುಂಜಾನೆ ಆಯಿಲ್ ಹನಿ, ಸಿಗ್ನಲ್‌ನ್ಯಾಗ ನಿಂತ್ರ ಸುಟ್ಟ ವಾಸನಿ ಬೇರೆ. ಮೊದಲು ತೋರಿಸಿದ ಕಡಿ ಕ್ರ್ಯಾಂಕ್ ಸೀಲ್ (ಇಂಜಿನ್-ಗೇರ್‌ಬಾಕ್ಸ್ ನಡುವ ಆಯಿಲ್ ತಡಿಯೋ ರಿಂಗ್) ಹೋಗ್ಯಾದ, ಗೇರ್‌ಬಾಕ್ಸ್ ಇಳಿಸಬೇಕು ಅಂತ ಹೆದರಿಸಿಬಿಟ್ರು. ಇಲ್ಲಿ ಬಂದ ಕೂಡ್ಲೇ ಏನೂ ಬಿಚ್ಚಲಿಲ್ರಿ, ಜಿಡ್ಡು ತಗಿಯೋ ಡೀಗ್ರೀಸರ್ ಹೊಡದು ಇಂಜಿನ್ ತೊಳದು ಒಣಗಿಸಿ 20 ನಿಮಿಷ ಚಾಲೂ ಇಟ್ಟು ಟಾರ್ಚ್ ಹಿಡದು ಮ್ಯಾಲಿಂದ ಕೆಳಗ ನೋಡಕೋತ ಬಂದ್ರು, ಯಾಕಂದ್ರ ಆಯಿಲ್ ಸೋರೋದು ಒಂದು ಕಡಿ, ಹನಿ ಬೀಳೋದು ಇನ್ನೊಂದು ಕಡಿ. ಖರೇನೇ, ಟ್ಯಾಪೆಟ್ ಕವರ್ (ಇಂಜಿನ್ ಮ್ಯಾಲಿನ ಮುಚ್ಚಳ) ಕೆಳಗಿನ ರಬ್ಬರ್ ಪ್ಯಾಕಿಂಗ್ ಕಲ್ಲಿನಂಗ ಗಟ್ಟಿ ಆಗಿತ್ತು (ನಮ್ಮೂರ ಬಿಸಲಿಗಿ ಮನಷ್ಯಾನೇ ಒಣಗ್ತಾನ, ರಬ್ಬರ್ ಯಾವ ಲೆಕ್ಕ). ಹೊಸಾದು ಹಾಕಿ ಅಳತಿ ಪ್ರಕಾರ ಬಿಗಿಯೋ ಟಾರ್ಕ್ ರೆಂಚ್‌ಲೇ ಬೋಲ್ಟ್ ಬಿಗಿದ್ರು, ಇಂಜಿನ್ ಒಳಗಿನ ಗ್ಯಾಸ್ ಒತ್ತಡ ಇಳಿಸೋ ಪಿಸಿವಿ ವಾಲ್ವೂ ಸ್ವಚ್ಛ ಮಾಡಿದ್ರು. 2 ತಿಂಗಳಾತು, ಬೀದರ್‌ಗೆ ಹೋಗಿ ಬಂದ್ರೂ ಡಿಪ್‌ಸ್ಟಿಕ್‌ನ್ಯಾಗ (ಆಯಿಲ್ ಅಳಿಯೋ ಕಡ್ಡಿ) ಆಯಿಲ್ ಲೆವೆಲ್ ಹಂಗೇ ಅದ. ಗ್ಯಾರೇಜಿನವ್ರು ನಮ್ಮನ್ನ ಕಾಯಿಸೋದು ಮಾತ್ರ ಭಾಳ, ಬಿಲ್ ಬೇಕಂದ್ರ ಕೇಳೇ ತಗೋಬೇಕು.