ನಿರ್ಭೀಕ್ ರಿವಾಲ್ವರ್: ಬ್ಯಾಗಿನಲ್ಲಿದ್ದರೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಸುರಕ್ಷಿತವೇ?

ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದೇ ತಂದ .32 ರಿವಾಲ್ವರ್ ಇದು. ಆರು ಗುಂಡು, ಟೈಟಾನಿಯಂ ಮಿಶ್ರಲೋಹದ ಮೈ, ತೂಕ ಸುಮಾರು 500 ಗ್ರಾಂ. ಆಗಿನ ಬೆಲೆ 1.22 ಲಕ್ಷ ರೂಪಾಯಿ!

ಹಗುರ ಎಂಬ ಗುಣವೇ ಇದರ ದೋಷವೂ ಹೌದು. ತೂಕ ಕಡಿಮೆಯಾದಷ್ಟೂ ಗುಂಡು ಹಾರಿದಾಗ ಕೈ ಹೆಚ್ಚು ಮೇಲೇಳುತ್ತದೆ, ಎರಡನೇ ಗುರಿ ತಪ್ಪುತ್ತದೆ. ಹಿಂಬದಿಯ ಹ್ಯಾಮರ್ (ಗುಂಡು ಸಿಡಿಸುವ ಸುತ್ತಿಗೆ) ಮೊದಲೇ ಎಳೆಯದೆ ಹೊಡೆಯಲು ಹೋದರೆ ಟ್ರಿಗರ್ ಬಿಗಿ. ಬೆರಳಿನ ಒತ್ತಡಕ್ಕೆ ನಳಿಗೆಯೇ ಪಕ್ಕಕ್ಕೆ ಸರಿಯುತ್ತದೆ. ಸಂಜೆ ಆರರ ಸಿಟಿ ಬಸ್ಸಿನ ನೂಕುನುಗ್ಗಲಲ್ಲಿ ತಪ್ಪಿದ ಗುಂಡಿಗೆ ಖಾಲಿ ಜಾಗ ಎಲ್ಲಿದೆ? ಜಿಪ್ ತೆರೆದು, ಕೀಗೊಂಚಲು ಸರಿಸಿ ಹೊರತೆಗೆಯುವಷ್ಟರಲ್ಲಿ ಸರಗಳ್ಳನ ಬೈಕು ಹಂಪನಕಟ್ಟೆ ದಾಟಿರುತ್ತದೆ. ತೆಗೆದರೂ, ಓಡಿ ಬರುವ ಪೊಲೀಸರಿಗೆ ಕಾಣುವುದು ಕೈಯಲ್ಲಿರುವ ಬಂದೂಕು ಮಾತ್ರ.

ಲೈಸೆನ್ಸಿಗೆ ಮಂಗಳೂರು ನಗರದೊಳಗೆ ಪೊಲೀಸ್ ಕಮಿಷನರ್, ಉಡುಪಿಯಲ್ಲಿ ಜಿಲ್ಲಾಧಿಕಾರಿ. ಎ-1 ನಮೂನೆಯ ಅರ್ಜಿಯ ಜೊತೆ ತರಬೇತಿ ಪಡೆದಿದ್ದಕ್ಕೆ ಎಸ್-1 ನಮೂನೆಯ ಪ್ರಮಾಣಪತ್ರ ಬೇಕು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ 5 ವರ್ಷ. ಚುನಾವಣೆ ಬಂತೆಂದರೆ ಠಾಣೆಯಲ್ಲಿ ಠೇವಣಿ ಇಡುವ ಓಡಾಟ ಬೇರೆ.

ನಮ್ಮ ಉಪ್ಪುಗಾಳಿಗೆ ಟೈಟಾನಿಯಂ ಜಗ್ಗುವುದಿಲ್ಲ, ಸ್ಪ್ರಿಂಗು, ಪಿನ್ನುಗಳಂಥ ಉಕ್ಕಿನ ಭಾಗಗಳು ಜಗ್ಗುತ್ತವೆ. ಚರ್ಮದ ಹೋಲ್‌ಸ್ಟರ್‌ನಲ್ಲೇ ಬಿಟ್ಟರೆ ಅದು ಹೀರಿದ ತೇವ ಮಳೆಗಾಲದಲ್ಲಿ ತುಕ್ಕು ಹಿಡಿಸುತ್ತದೆ. ತುಳುವರ ಮಳೆಗಾಲದ ತಿಂಗಳು ಆಟಿ ಮುಗಿಯುವವರೆಗೆ ವಾರಕ್ಕೊಮ್ಮೆ ಗುಂಡು ತೆಗೆದಿಟ್ಟು, ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ.

ಬೀಗ ಹಾಕಿದ ಕಪಾಟಿನಲ್ಲಿಡಲು ಐದಕ್ಕೆ ಮೂರು ಅಂಕ, ಬಸ್‌ಸ್ಟ್ಯಾಂಡಿಗೆ ಒಂದು.