ವಾಲ್ವ್ ಬದಲಾಯಿಸಿದ್ದೇವೆ ಎಂದವರು ಅದರ ಸ್ಕ್ರೂವನ್ನೇ ಮುಟ್ಟಿರಲಿಲ್ಲ

ಕಾಮನ್ ರೈಲ್ ಎಂಜಿನ್ನಿನ ಲಾರಿ ಇಟ್ಟುಕೊಂಡವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. "ಡೀಸೆಲ್ ಪಂಪಿನ ವಾಲ್ವ್ ಹೋಗಿದೆ, ಬದಲಾಯಿಸಬೇಕು" ಎಂದು ಯಾರಾದರೂ ಹೇಳಿದ ತಕ್ಷಣ ಜೇಬಿಗೆ ಕೈ ಹಾಕಬೇಡಿ. ನನ್ನಿಂದ ಹೊಸ ವಾಲ್ವಿನ ಹಣ ತೆಗೆದುಕೊಂಡರು. ಪಂಪ್ ಇಳಿಸಿ ಏರಿಸಿದ ಕೂಲಿ ತೆಗೆದುಕೊಂಡರು. ಸ್ಕ್ಯಾನರ್ ಹಾಕಿ 'ಲರ್ನಿಂಗ್' (ಹೊಸ ವಾಲ್ವನ್ನು ಎಂಜಿನ್ನಿನ ಕಂಪ್ಯೂಟರಿಗೆ ಪರಿಚಯ ಮಾಡಿಸುವುದು) ಮಾಡಿದ್ದಕ್ಕೆ ಅಂತ ಬೇರೆ ತೆಗೆದುಕೊಂಡರು. ವಾಲ್ವ್ ಮಾತ್ರ ಬದಲಾಗಿರಲಿಲ್ಲ. ಬದಲಾಗುವುದಿರಲಿ, ಅದರ ಸ್ಕ್ರೂವಿಗೆ ಸ್ಪಾನರ್ ಕೂಡ ತಾಗಿರಲಿಲ್ಲ. ಬರೆಯುವಾಗಲೂ ಮೈ ಉರಿಯುತ್ತಿದೆ.

ಗಾಡಿಯ ತೊಂದರೆ ಇಷ್ಟು. ಲೋಡು ಹಾಕಿಕೊಂಡು ಏರು ಹತ್ತುವಾಗ ಎಂಜಿನ್ ಎಳೆಯುವುದನ್ನೇ ಬಿಟ್ಟುಬಿಡುತ್ತಿತ್ತು. ಆಕ್ಸಿಲರೇಟರನ್ನು ತಳಮುಟ್ಟ ಒತ್ತಿದರೂ ಆರ್‌ಪಿಎಂ ಏರುತ್ತಿರಲಿಲ್ಲ, ಚೆಕ್ ಲ್ಯಾಂಪ್ ಹತ್ತಿಕೊಳ್ಳುತ್ತಿತ್ತು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಓಡುತ್ತಿತ್ತು. ಸ್ಟಾರ್ಟ್ ಆಗುವುದೂ ತಡವಾಗಿತ್ತು, ಹೆಚ್ಚು ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತಿತ್ತು.

ಹೋದದ್ದು ದೊಡ್ಡ ಗ್ಯಾರೇಜಿಗೇ. ಸ್ಕ್ಯಾನರ್ ಸಿಕ್ಕಿಸಿದರು, ಪಿ 0087 ಎಂಬ ಕೋಡು ಬಂತು. ರೈಲಿನಲ್ಲಿ, ಅಂದರೆ ಪಂಪ್ ಒತ್ತಿ ಕಳಿಸಿದ ಡೀಸೆಲನ್ನು ಎಲ್ಲ ಇಂಜೆಕ್ಟರುಗಳಿಗೆ ಹಂಚುವ ದಪ್ಪ ಪೈಪಿನಲ್ಲಿ, ಡೀಸೆಲ್ ಒತ್ತಡ ಕಡಿಮೆ ಎಂದು ಅದರ ಅರ್ಥ. ಯಜಮಾನ ಪರದೆಯನ್ನು ನನ್ನ ಕಡೆ ತಿರುಗಿಸಿ, "ನೋಡಿ ಅಣ್ಣಾ, ಕಂಪ್ಯೂಟರೇ ಹೇಳುತ್ತಿದೆ. ಪಂಪಿನ ಮೀಟರಿಂಗ್ ವಾಲ್ವ್ ಹೋಗಿದೆ" ಎಂದ.

ಕಂಪ್ಯೂಟರ್ ಹಾಗೆ ಹೇಳಿರಲೇ ಇಲ್ಲ! ಒತ್ತಡ ಕಡಿಮೆ ಎಂದಷ್ಟೇ ಆ ಕೋಡು ಹೇಳುತ್ತದೆ, ಯಾರಿಂದ ಕಡಿಮೆ ಎಂದು ಹೇಳುವುದಿಲ್ಲ. ಫಿಲ್ಟರ್ ಕಟ್ಟಿದರೂ ಅದೇ ಕೋಡು. ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಏರ್ ಹಿಡಿದರೂ ಅದೇ. ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳು ರಿಟರ್ನಿಗೆ, ಅಂದರೆ ಟ್ಯಾಂಕಿಗೆ ವಾಪಸು ಹೋಗುವ ಪೈಪಿಗೆ, ಹೆಚ್ಚು ಸುರಿದರೂ, ಪಂಪ್ ಸವೆದರೂ, ರೈಲಿನ ತುದಿಯ ರಿಲೀಫ್ ವಾಲ್ವ್ ಸೋರಿದರೂ ಅದೇ. ಇದರಲ್ಲಿ ಯಾವುದು ಎಂದು ಹುಡುಕುವುದಕ್ಕೇ ತಾನೆ ನಾವು ಮೇಸ್ತ್ರಿಯ ಹತ್ತಿರ ಹೋಗುವುದು? ಕೋಡು ಓದುವ ಯಂತ್ರ ಈಗ ಯಾರ ಕೈಯಲ್ಲಾದರೂ ಇದೆ. ಆ ಮನುಷ್ಯ ಒಂದು ಪೈಪನ್ನೂ ಬಿಚ್ಚಿ ನೋಡಲಿಲ್ಲ, ಕೋಡು ನೋಡಿದ, ವಾಲ್ವ್ ಎಂದ, ಅಷ್ಟೇ.

ಮೀಟರಿಂಗ್ ವಾಲ್ವ್ ಎಂದರೆ ಹೈ ಪ್ರೆಶರ್ ಪಂಪಿನ ಒಳಗೆ ಎಷ್ಟು ಡೀಸೆಲ್ ಹೋಗಬೇಕು ಎಂದು ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಹೇಳಿದ ಹಾಗೆ ತೆರೆದು ಮುಚ್ಚುವ ಸಣ್ಣ ಭಾಗ. ಕೆಲವರು ಎಸ್‌ಸಿವಿ ಎನ್ನುತ್ತಾರೆ. ನನ್ನ ಎಂಜಿನ್ನಿನಲ್ಲಿ ಅದು ಪಂಪಿನ ಮೈಮೇಲೆ ಎದುರಿಗೇ ಕಾಣುವ ಹಾಗೆ ಕೂತಿದೆ. ಕನೆಕ್ಟರ್ ಎಳೆದು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಪಂಪ್ ಇಳಿಸುವ ಅಗತ್ಯವೇ ಇಲ್ಲ. ಇದನ್ನು ಕೇಳಿದೆ ಕೂಡ. "ಹೊರಗಿನಿಂದ ಬಿಚ್ಚಿದರೆ ಧೂಳು ಒಳಗೆ ಹೋಗುತ್ತದೆ ಸರ್, ನಾವು ಕೆಲಸವನ್ನು ನೀಟಾಗಿ ಮಾಡುವವರು" ಎಂಬ ಉತ್ತರ ಬಂತು. ಧೂಳಿನ ಮಾತು ಸುಳ್ಳಲ್ಲ. ಪಂಪಿನೊಳಗೆ ಕಣ್ಣಿಗೆ ಕಾಣದ ಕಣ ಹೋದರೂ ಇಂಜೆಕ್ಟರಿನವರೆಗೆ ಹಾಳು ಮಾಡುತ್ತದೆ. ನಿಜವಾದ ಮಾತಿನೊಳಗೇ ಸುಳ್ಳನ್ನು ಸುತ್ತಿ ಕೊಡುವುದರಲ್ಲಿ ಆ ಮನುಷ್ಯ ಪಳಗಿದ್ದ.

ಸಂಜೆ ಗಾಡಿ ಕೊಟ್ಟರು. ಚೆಕ್ ಲ್ಯಾಂಪ್ ಆರಿತ್ತು, ಸ್ಟಾರ್ಟ್ ಬೇಗ ಆಯಿತು. ಟ್ರಯಲ್ ಎಂದು ಒಂದು ಸುತ್ತು ಹೊಡೆಸಿದರು, ಅದೂ ಖಾಲಿ ಗಾಡಿಯಲ್ಲಿ. ಖಾಲಿ ಲಾರಿ ಅರ್ಧ ಒತ್ತಡದಲ್ಲೂ ಓಡುತ್ತದೆ ಎಂಬುದು ಆ ಕೆಲಸದವರಿಗೆ ಗೊತ್ತಿಲ್ಲವೇ? ಇಳಿದ ಮೇಲೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಎಣ್ಣೆ ಮೆತ್ತಿದ ಹಳೆಯ ವಾಲ್ವ್ ಕೈಗಿಟ್ಟರು. "ತೆಗೆದದ್ದು ಇಲ್ಲಿದೆ, ಇಟ್ಟುಕೊಳ್ಳಿ. ಹಳೆಯ ಪಾರ್ಟು ಕೊಡದೆ ಕಳಿಸುವವರು ನಾವಲ್ಲ." ಹಣಕ್ಕಿಂತ ಹೆಚ್ಚಾಗಿ ಈ ಮಾತೇ ಈಗ ಚುಚ್ಚುತ್ತಿರುವುದು.

ಮುಂದಿನ ಲೋಡುಗಳಲ್ಲಿ ಗಾಡಿ ಪರವಾಗಿಲ್ಲ ಎನ್ನಿಸಿತ್ತು. ಆಮೇಲೆ ಒಂದು ಉದ್ದ ಏರಿನಲ್ಲಿ ಮತ್ತೆ ಅದೇ. ಅದೇ ಲ್ಯಾಂಪ್, ಅದೇ ತೆವಳಾಟ, ಅದೇ ಪಿ 0087.

ವಾಪಸು ಹೋದಾಗ ಬಂದ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ, ನಿಮಗೂ ಇವೇ ಸಿಗುತ್ತವೆ. ಮೊದಲು: "ಎಲ್ಲಿ ಡೀಸೆಲ್ ಹಾಕಿಸಿದಿರಿ? ಡೀಸೆಲ್ ಸರಿಯಿಲ್ಲ." ಎಂದೂ ಹಾಕಿಸುವ ಕಡೆಯೇ ಎಂದೆ. "ಹಾಗಾದರೆ ಓವರ್‌ಲೋಡ್ ಆಗಿರಬೇಕು." ಲೋಡಿನ ಚೀಟಿ ತೋರಿಸಿದೆ. "ಎಲೆಕ್ಟ್ರಿಕಲ್ ಪಾರ್ಟಿಗೆ ವಾರಂಟಿ ಬರುವುದಿಲ್ಲ ಸರ್." ಹಣ ತೆಗೆದುಕೊಳ್ಳುವಾಗ ಅದು ಎಲೆಕ್ಟ್ರಿಕಲ್ ಎಂದು ಯಾರೂ ಹೇಳಿರಲಿಲ್ಲ. ಕೊನೆಗೆ ಯಜಮಾನನೇ ಬಂದು, ಸ್ಕ್ಯಾನರನ್ನೂ ಹಾಕದೆ, ಬಾನೆಟ್ ಕೂಡ ಎತ್ತದೆ, ಗಂಭೀರವಾಗಿ ಹೇಳಿದ: "ವಾಲ್ವ್ ನಾವು ಹೊಸದು ಹಾಕಿದ್ದೇವೆ, ಅಂದ ಮೇಲೆ ಅದು ಅಲ್ಲ. ಇನ್ನು ಪಂಪೇ. ಪಂಪ್ ಬದಲಾಯಿಸಿ, ಜೊತೆಗೆ ಇಂಜೆಕ್ಟರುಗಳನ್ನೂ ಮಾಡಿಸಿಬಿಡಿ." ಹಾಕದೇ ಇರುವ ವಾಲ್ವನ್ನು ಸಾಕ್ಷಿಯಾಗಿ ನಿಲ್ಲಿಸಿ ಪಂಪ್ ಮಾರಲು ಹೊರಟ ಧೈರ್ಯವನ್ನು ನೋಡಿ!

ಪಂಪಿಗೆ ಕೈ ಹಾಕಿಸುವ ಮೊದಲು ಇನ್ನೊಬ್ಬ ಮೇಸ್ತ್ರಿಗೆ ತೋರಿಸಿದೆ. ಹೆಚ್ಚು ಮಾತಿನ ಮನುಷ್ಯರಲ್ಲ. ಸ್ಕ್ಯಾನರಿನಲ್ಲಿ ಕೋಡು ಬಿಟ್ಟು ಲೈವ್ ಡೇಟಾ ತೆಗೆದರು. ಇಸಿಎಂ ಕೇಳುತ್ತಿರುವ ಒತ್ತಡ ಒಂದು ಸಾಲು, ರೈಲಿನಲ್ಲಿ ಇರುವ ಒತ್ತಡ ಇನ್ನೊಂದು ಸಾಲು. ಇಂಥ ಎಂಜಿನ್ನುಗಳಲ್ಲಿ ಪೂರ್ತಿ ಲೋಡಿನಲ್ಲಿ 1,600 ಬಾರ್, ಅದಕ್ಕಿಂತ ಹೆಚ್ಚೂ ಬೇಕಾಗುತ್ತದೆ. ಲಾರಿಯ ಟೈರಿಗೆ ನಾವು ತುಂಬುವ ಗಾಳಿ 8 ಬಾರ್ ಆಸುಪಾಸು, ಲೆಕ್ಕ ಹಾಕಿಕೊಳ್ಳಿ. ಆರ್‌ಪಿಎಂ ಏರಿಸಿದಂತೆ ಎರಡು ಸಾಲುಗಳ ನಡುವೆ ಅಂತರ ಬೆಳೆಯುತ್ತಿತ್ತು. ಮೀಟರಿಂಗ್ ವಾಲ್ವಿಗೆ ಇಸಿಎಂ "ಇನ್ನೂ ತೆರೆ, ಇನ್ನೂ ತೆರೆ" ಎಂದು ಆಜ್ಞೆ ಕೊಡುತ್ತಲೇ ಇತ್ತು. ಪಂಪಿಗೆ ಡೀಸೆಲ್ ಹೋಗುತ್ತಿಲ್ಲವೋ, ಹೋದದ್ದು ಎಲ್ಲೋ ಸೋರುತ್ತಿದೆಯೋ ಎಂದು ಮೊದಲು ನೋಡಬೇಕು ಎಂದರು.

ಎಂಜಿನ್ ಆರಿಸಿ, ಒತ್ತಡ ಇಳಿಯಲು ಬಿಟ್ಟು, ರೈಲಿನ ರಿಲೀಫ್ ವಾಲ್ವಿನಿಂದ ಟ್ಯಾಂಕಿಗೆ ಹೋಗುವ ರಿಟರ್ನ್ ಪೈಪನ್ನು ಬಿಡಿಸಿದರು. ಅಲ್ಲಿಗೆ ಬೇರೆ ಪೈಪು ಸಿಕ್ಕಿಸಿ ಬಾಟಲಿಗೆ ಬಿಟ್ಟರು. ರಿಲೀಫ್ ವಾಲ್ವಿನ ಕೆಲಸ ರೈಲಿನಲ್ಲಿ ಒತ್ತಡ ಮಿತಿಮೀರಿದಾಗ ಮಾತ್ರ ತೆರೆದುಕೊಳ್ಳುವುದು, ಉಳಿದಂತೆ ಅಲ್ಲಿಂದ ಡೀಸೆಲ್ ಬರಬಾರದು. ನನ್ನ ಗಾಡಿಯಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಧಾರೆ ಶುರುವಾಯಿತು. ತಪ್ಪಿತಸ್ಥ ಸಿಕ್ಕಿದ. ಮೊದಲಿನ ಗ್ಯಾರೇಜಿನವರು ಹೊಸ ಫಿಲ್ಟರ್ ಹಾಕಿದ್ದರಿಂದ ಪಂಪಿಗೆ ಡೀಸೆಲ್ ಚೆನ್ನಾಗಿ ಸಿಕ್ಕಿ, ಸೋರಿದ್ದನ್ನೂ ತುಂಬಿಸಿಕೊಂಡು ಕೆಲವು ದಿನ ಎಳೆದಿತ್ತು, ಅಷ್ಟೇ ಎಂದರು. ಅಂದರೆ ಮೊದಲಿನವರು ಮಾಡಿದ್ದು ಫಿಲ್ಟರ್ ಬದಲಾವಣೆ ಮತ್ತು ಕೋಡು ಅಳಿಸುವುದು. ಬಿಲ್ಲಿನಲ್ಲಿ ಫಿಲ್ಟರನ್ನು "ಫ್ರೀ" ಎಂದು ಬರೆದಿದ್ದರು. ಆ ಬಿಲ್ಲಿನಲ್ಲಿ ನಿಜವಾಗಿ ನಡೆದ ಕೆಲಸ ಅದೊಂದೇ!

ನಾನು ಹೇಳಿದೆ, ಪಂಪಿನ ವಾಲ್ವ್ ಮೊನ್ನೆ ತಾನೇ ಹೊಸದು ಹಾಕಿಸಿದ್ದೇನೆ ಎಂದು. ಮೇಸ್ತ್ರಿ ಟಾರ್ಚ್ ಹಿಡಿದು ಪಂಪಿನ ಕಡೆ ಬಗ್ಗಿದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಟಾರ್ಚನ್ನು ನನ್ನ ಕೈಗೆ ಕೊಟ್ಟು, "ನೀವೇ ನೋಡಿ" ಎಂದರು.

ನೋಡಿದೆ. ವಾಲ್ವಿನ ಸ್ಕ್ರೂಗಳ ತಲೆಯಿಂದ ಪಂಪಿನ ಮೈವರೆಗೆ, ಕಾರ್ಖಾನೆಯಲ್ಲಿ ಬಿಗಿದ ಮೇಲೆ ಎಳೆದ ಬಣ್ಣದ ಗೆರೆ ಹಾಗೇ ಇತ್ತು. ಒಡೆದಿಲ್ಲ, ಸರಿದಿಲ್ಲ. ಸ್ಕ್ರೂವಿನ ತಲೆಯ ಗುಳಿಯಲ್ಲಿ ಎಣ್ಣೆ ಕುಡಿದ ಮಣ್ಣು ಗಟ್ಟಿಯಾಗಿ ಕೂತಿತ್ತು, ಅದನ್ನು ಕೆರೆಯದೆ ಅಲ್ಲಿ ಬಿಟ್ ಕೂರುವುದೇ ಇಲ್ಲ. ಪಂಪ್ ಇಳಿಸಿದ ಗುರುತೂ ಇಲ್ಲ, ಅದರ ಬೋಲ್ಟುಗಳ ಸುತ್ತ ಅದೇ ಹಳೆಯ ಮಣ್ಣು. ಕ್ಯಾಬಿನ್ನಿನಲ್ಲಿ ಜೋಪಾನವಾಗಿ ಇಟ್ಟಿದ್ದ ಚೀಲ ತಂದೆ. ಮೇಸ್ತ್ರಿ ನನ್ನ ಗಾಡಿಯ ವೈರಿಂಗ್ ಕನೆಕ್ಟರನ್ನು ಎಳೆದು ಆ 'ಹಳೆಯ ವಾಲ್ವಿಗೆ' ಹಿಡಿದರು. ಕೂರಲಿಲ್ಲ. ತಿರುಗಿಸಿ ಹಿಡಿದರು. ಆಗಲೂ ಕೂರಲಿಲ್ಲ. ಬೇರೆ ಯಾವುದೋ ಎಂಜಿನ್ನಿನ ವಾಲ್ವ್ ಅದು. ಯಾರದೋ ಗಾಡಿಯ ಗುಜರಿಯನ್ನು ಚೀಲಕ್ಕೆ ಹಾಕಿ, ಪ್ರಾಮಾಣಿಕತೆಯ ಭಾಷಣದ ಜೊತೆ ನನಗೆ ಕೊಟ್ಟಿದ್ದರು. ಪಕ್ಕದಲ್ಲಿದ್ದ ಹುಡುಗ ನಗು ತಡೆಯಲು ಮುಖ ತಿರುಗಿಸಿದ. ಆ ನಾಚಿಕೆಯನ್ನು ಹೇಗೆ ಬರೆಯಲಿ.

ರಿಲೀಫ್ ವಾಲ್ವಿನ ಕೆಲಸ ಬೇಗ ಮುಗಿಯಿತು. ಸುತ್ತಲೂ ತೊಳೆದು, ಬಿಚ್ಚಿದ ಬಾಯಿಗಳಿಗೆ ಕ್ಯಾಪ್ ಹಾಕಿ, ರಿಟರ್ನ್ ಪೈಪಿಗೆ ಹೊಸ ವಾಶರ್ ಕೊಟ್ಟು, ಟಾರ್ಕ್ ರೆಂಚಿನಲ್ಲಿ ಬಿಗಿದರು. ಗಾಡಿಯಲ್ಲಿದ್ದ ಫಿಲ್ಟರನ್ನು ಬಿಚ್ಚಿ ಕೊಯ್ದು ಲೋಹದ ಪುಡಿ ಇದೆಯೇ ಎಂದೂ ನೋಡಿದರು. ಪಂಪ್ ಸವೆಯುತ್ತಿದ್ದರೆ ಅಲ್ಲಿ ಹೊಳೆಯುವ ಪುಡಿ ಸಿಗುತ್ತದಂತೆ. ಇರಲಿಲ್ಲ. ಹ್ಯಾಂಡ್ ಪ್ರೈಮರಿನಲ್ಲಿ ಏರ್ ತೆಗೆದು ಸ್ಟಾರ್ಟ್ ಮಾಡಿದರು. ಟ್ರಯಲ್ಲಿಗೆ ಲೋಡು ಹಾಕಿಕೊಂಡೇ ಬನ್ನಿ ಎಂದರು. ಅದೇ ಏರನ್ನು ಗಾಡಿ ತಕರಾರಿಲ್ಲದೆ ಹತ್ತಿತು.

ಫೋಟೊ ತೆಗೆದುಕೊಂಡು ಮೊದಲಿನ ಗ್ಯಾರೇಜಿಗೆ ಕಳಿಸಿದೆ. ಬಹಳ ಹೊತ್ತು ಉತ್ತರವಿಲ್ಲ. ಆಮೇಲೆ: "ಫೋಟೊದಲ್ಲಿ ಸರಿಯಾಗಿ ಕಾಣುತ್ತಿಲ್ಲ." ಹತ್ತಿರದಿಂದ ತೆಗೆದು ಕಳಿಸಿದೆ. "ಹುಡುಗ ಹೊಸಬ, ಚೀಲ ಬದಲಾಗಿರಬಹುದು." ಚೀಲ ಬದಲಾಗಿರಲಿ, ಸ್ಕ್ರೂವಿನ ಮೇಲಿನ ಬಣ್ಣ? "ಬಿಗಿದ ಮೇಲೆ ನಾವೂ ಬಣ್ಣ ಹಾಕುತ್ತೇವೆ." ಮಣ್ಣನ್ನೂ ನೀವೇ ಹಾಕುತ್ತೀರಾ ಎಂದು ಕೇಳಿದೆ. ಅದಕ್ಕೆ ಬಂದದ್ದು: "ಬೇರೆ ಕಡೆ ಬಿಚ್ಚಿಸಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ. ಗಾಡಿ ಓಡಿತಲ್ಲ ಸರ್, ಇನ್ನೇನು?" ಮತ್ತೆ ಫೋನ್ ಮಾಡಿದರೆ, ಮುಂದಿನ ಸರ್ವಿಸಿಗೆ ರಿಯಾಯಿತಿ ಕೊಡುತ್ತಾರಂತೆ. ಆಯಿಲ್ ಬದಲಾಯಿಸಲೂ ಅಲ್ಲಿಗೆ ಗಾಡಿ ಬಿಡುವುದಿಲ್ಲ. ಹಣ ವಾಪಸು ಬಂದಿಲ್ಲ. ಲಿಖಿತ ದೂರು ಸಿದ್ಧ ಮಾಡುತ್ತಿದ್ದೇನೆ.

ನಿಮಗೆ ಹೇಳುವುದು ಇಷ್ಟು. ಗಾಡಿ ಬಿಡುವ ಮೊದಲು ಆ ವಾಲ್ವಿನ, ಅದರ ಸ್ಕ್ರೂವಿನ, ಕನೆಕ್ಟರಿನ ಫೋಟೊ ತೆಗೆದುಕೊಳ್ಳಿ. ಕೋಡು ತೋರಿಸಿ ಪಾರ್ಟು ಹೇಳಿದರೆ, ರಿಟರ್ನ್ ಪರೀಕ್ಷೆ ಮಾಡಿದಿರಾ ಎಂದು ಕೇಳಿ, ತಡಬಡಾಯಿಸಿದರೆ ಕೀ ವಾಪಸು ತೆಗೆದುಕೊಳ್ಳಿ. ಹಳೆಯ ಪಾರ್ಟನ್ನು ಅಲ್ಲೇ, ಅವರ ಎದುರಿಗೇ, ನಿಮ್ಮ ಗಾಡಿಯ ಕನೆಕ್ಟರಿಗೆ ಹಿಡಿದು ನೋಡಿ. ಸೋರಿಕೆ ಹುಡುಕುತ್ತೇನೆ ಎಂದು ಎಂಜಿನ್ ಓಡುವಾಗ ಹೈ ಪ್ರೆಶರ್ ಪೈಪಿನ ಹತ್ತಿರ ಬೆರಳು ಮಾತ್ರ ಒಯ್ಯಬೇಡಿ, ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಇನ್ನು ಬಿಲ್ಲು: ನನ್ನದರಲ್ಲಿ "ವಾಲ್ವ್ - 1" ಎಂದಷ್ಟೇ ಇದೆ, ಪಾರ್ಟ್ ನಂಬರ್ ಇಲ್ಲ, ಕಂಪನಿಯ ಹೆಸರಿಲ್ಲ. ಯಾವ ವಾಲ್ವ್ ಎಂದು ಈಗ ಕೇಳಿದರೆ "ನೀವು ಹೇಳಿದ್ದೇ" ಎನ್ನುತ್ತಿದ್ದಾರೆ.