ಸಂಪ್ ಫ್ಲೋಟ್ ಓದಲು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯು: ಬೋರ್ಡ್ ಸಾಕು, ಕೀಕೋಡ್ ಮರೆತರೆ ಕಷ್ಟ

ಮೈಸೂರಿನ ಬಹಳಷ್ಟು ಮನೆಗಳಲ್ಲಿ ಕಾವೇರಿ ನೀರು ಮೊದಲು ಬೀಳುವುದು ಸಂಪ್‌ಗೆ. ಫ್ಲೋಟ್ (ನೀರಿನ ಜೊತೆ ಏರಿಳಿಯುವ ಸ್ವಿಚ್) ಓದಿ, ಸಂಪ್ ಬರಿದಾಗಿದೆ ಎಂದು ಫೋನಿಗೆ ತಿಳಿಸಲು ಈ ಪುಟ್ಟ ಕಂಪ್ಯೂಟರ್ ಬೋರ್ಡಿನ 512 ಎಂಬಿ ರ್‍ಯಾಮ್ ಧಾರಾಳ. ವೈಫೈ 2.4 ಗಿಗಾಹರ್ಟ್ಸ್ ಮಾತ್ರ, ಹಾಗಾಗಿ ತಗಡಿನ ಡಬ್ಬಿಯೊಳಗೆ ಕೂರಿಸಬೇಡಿ. ಹೆಡರ್ (ವೈರ್ ಸಿಕ್ಕಿಸುವ ಪಿನ್‌ಗಳ ಸಾಲು) ಇಲ್ಲದ ಮಾದರಿ ಕೊಂಡರೆ 40 ಪಿನ್‌ಗೂ ನೀವೇ ಸಾಲ್ಡರ್ ಮಾಡಬೇಕು.

ಇದರಲ್ಲಿ ಮೆಚ್ಚಬೇಕಾದದ್ದು ಡಿವೈಸ್ ಟ್ರೀ ಓವರ್‌ಲೇ, ಅಂದರೆ ಯಾವ ಪಿನ್‌ನಲ್ಲಿ ಏನಿದೆ ಎಂದು ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಹೇಳುವ ತುಣುಕು. ಫ್ಲೋಟಿನ ಒಂದು ವೈರ್ ಹೆಡರಿನ 11ನೇ ಪಿನ್‌ಗೆ (ಜಿಪಿಐಒ 17, ಅಂದರೆ ಪ್ರೋಗ್ರಾಮ್ ಓದಬಲ್ಲ ಪಿನ್‌ಗಳಲ್ಲಿ 17 ಎಂಬ ಸಂಖ್ಯೆಯದು), ಇನ್ನೊಂದು 9ನೇ ಪಿನ್‌ಗೆ (ಗ್ರೌಂಡ್). ಬಳಿಕ ಬುಕ್‌ವರ್ಮ್‌ನಲ್ಲಿ (ರಾಸ್ಪ್‌ಬೆರಿ ಪೈ ಓಎಸ್‌ನ ಒಂದು ಆವೃತ್ತಿ) ಬೂಟ್ ಫೋಲ್ಡರಿನ ಫರ್ಮ್‌ವೇರ್ ಒಳಗಿರುವ ಕಾನ್ಫಿಗ್ ಫೈಲಿಗೆ 'ಜಿಪಿಐಒ-ಕೀ' ಓವರ್‌ಲೇಯ ಒಂದೇ ಸಾಲು: ಜಿಪಿಐಒ 17, ಆ್ಯಕ್ಟಿವ್ ಲೋ 1 (ಪಿನ್ ಗ್ರೌಂಡ್ ಮುಟ್ಟಿದರೆ ಕೀ ಒತ್ತಿದಂತೆ), ಪುಲ್ ಅಪ್ (ಫ್ಲೋಟ್ ತೆರೆದಿದ್ದಾಗ ಪಿನ್ನನ್ನು 'ಹೈ' ಇಡುವ ರೆಸಿಸ್ಟರ್), ಕೀಕೋಡ್ (ಕೀಬೋರ್ಡಿನ ಪ್ರತಿ ಕೀಗೂ ಇರುವ ಸಂಖ್ಯೆ) 183. ನಡುವೆ ಅಲ್ಪವಿರಾಮ ಇರಲಿ, ಸ್ಪೇಸ್ ಬೇಡ.

ಕೀಕೋಡ್ ಬಿಟ್ಟರೆ ಡೀಫಾಲ್ಟ್ 116, ಅಂದರೆ ಪವರ್ ಬಟನ್. ಫ್ಲೋಟ್ ಮುಚ್ಚಿಕೊಂಡ ಕೂಡಲೇ ಬೋರ್ಡೇ ಶಟ್‌ಡೌನ್! 28 ಕೊಟ್ಟರೂ ತಪ್ಪೇ, ಅದು ಎಂಟರ್. ನೀರು ಅಲುಗಿದಾಗಲೆಲ್ಲ ಲಾಗಿನ್ ಪರದೆಯಲ್ಲಿ ಎಂಟರ್ ಬೀಳುತ್ತಿರುತ್ತದೆ. ಕರ್ನಲ್ ಕಣ್ಣಿಗೆ ಈ ಪಿನ್ ಈಗ ಕೀಬೋರ್ಡ್ ತಾನೇ. 183 ಅಂದರೆ ಎಫ್13, ಯಾರೂ ಒತ್ತದ ಕೀ.

ಸಾಲು ಹಾಕಿಯೂ ಏನೂ ಆಗದಿದ್ದರೆ ಅದು ಯಾವ ತಲೆಬರಹದ ಕೆಳಗಿದೆ ನೋಡಿ. ಚೌಕ ಆವರಣದ 'ಸಿಎಂ4' (ಕಂಪ್ಯೂಟ್ ಮಾಡ್ಯೂಲ್ 4 ಎಂಬ ಬೇರೆ ಬೋರ್ಡ್) ಕೆಳಗೆ ಸೇರಿದ್ದರೆ ಈ ಬೋರ್ಡ್ ಅದನ್ನು ಓದುವುದೇ ಇಲ್ಲ. 'ಆಲ್' ಕೆಳಗೆ ತನ್ನಿ. ಓವರ್‌ಲೇ ಹೆಸರಲ್ಲಿ ಅಕ್ಷರ ತಪ್ಪಿದರೂ ಬೋರ್ಡ್ ತುಟಿ ಬಿಚ್ಚದೆ ಬೂಟ್ ಆಗುತ್ತದೆ. ಇದು ನಿಜಕ್ಕೂ ಕಿರಿಕಿರಿ. ದೂರು ಬರೆದಿರುವುದು ಫರ್ಮ್‌ವೇರ್ ಲಾಗ್‌ನಲ್ಲಿ, 'ವಿಸಿಲಾಗ್' ಕಮಾಂಡಿಗೆ ಕಾಣುತ್ತದೆ.

ಪರೀಕ್ಷೆಗೆ 'ಪಿನ್‌ಕಂಟ್ರೋಲ್' ಕಮಾಂಡಿನಲ್ಲಿ (ಬರೆಯುವಾಗ ಪಿನ್ ಆದ ಮೇಲೆ ಸಿಟಿಆರ್‌ಎಲ್) 17 ಕೇಳಿ. ಫ್ಲೋಟ್ ತೆರೆದಿದ್ದಾಗ 'ಐಪಿ ಪಿಯು' (ಇನ್‌ಪುಟ್, ಪುಲ್ ಅಪ್), ಮುಂದೆ 'ಹೈ'. ಕೈಯಲ್ಲಿ ಎತ್ತಿ ಮುಚ್ಚಿಸಿದರೆ 'ಲೋ'. ಇಷ್ಟು ಸರಿಯಿದ್ದರೆ ಕೀ ಒತ್ತಿದ್ದನ್ನು ತೋರಿಸುವ ಕಮಾಂಡ್ 'ಇವಿಟೆಸ್ಟ್'‌ನಲ್ಲಿ ಕೀ ಬರುವುದು ನೋಡಿ. ಓವರ್‌ಲೇ ಹಿಡಿದ ಪಿನ್ನನ್ನೇ ಪೈಥಾನ್‌ನಲ್ಲಿ ಜಿಪಿಐಒ ಆಗಿ ತೆರೆಯಲು ಹೋದರೆ 'ಬ್ಯುಸಿ' ಎನ್ನುತ್ತದೆ. ಕೀ ಇವೆಂಟನ್ನೇ ಓದಬೇಕು.

ಡ್ರೈವರ್ ತಾನಾಗಿ ಮಾಡುವ ಡಿಬೌನ್ಸ್ (ಕ್ಷಣಿಕ ಅದುರಾಟ ನಿಲ್ಲುವವರೆಗೆ ಕಾಯುವುದು) 5 ಮಿಲಿಸೆಕೆಂಡ್. ಕಾಂಟ್ಯಾಕ್ಟ್ ಅದುರುವುದಕ್ಕೆ ಅದು ಸಾಕು, ಸಂಪಿಗೆ ನೀರು ಧುಮುಕುವಾಗ ಫ್ಲೋಟ್ ಕುಣಿಯುವುದಕ್ಕೆ ಸಾಲದು. ಪ್ರೋಗ್ರಾಮಿನಲ್ಲೇ ಐದಾರು ಸೆಕೆಂಡ್ ಕಾಯಿಸಿ.

ಒಳಗಿನ ಪುಲ್ ಅಪ್ ಸುಮಾರು 50 ಕಿಲೋಓಮ್, ಬಲು ದುರ್ಬಲ. ವೈರ್ ಉದ್ದವಾಗಿ ಮೋಟಾರ್ ವೈರಿನ ಪಕ್ಕದಲ್ಲೇ ಸಾಗಿದರೆ ಇಲ್ಲದ ಕೀ ಎಲ್ಲ ಬರುತ್ತದೆ. 1ನೇ ಪಿನ್ನಿನ 3.3 ವೋಲ್ಟ್‌ನಿಂದ 11ಕ್ಕೆ 4.7 ಕಿಲೋಓಮ್ ರೆಸಿಸ್ಟರ್, 11 ಮತ್ತು 9ರ ನಡುವೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ. ಮಂಡ್ಯದ ಕಬ್ಬಿನ ಗದ್ದೆಯಲ್ಲಿ ತ್ರೀ ಫೇಸ್ ಸ್ಟಾರ್ಟರ್ ಪಕ್ಕ ಇಡುವುದಾದರೆ ಇದನ್ನೂ ನಂಬಬೇಡಿ, ಪಿಸಿ817 ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸಿ ಎರಡು ಸರ್ಕ್ಯೂಟ್ ಬೇರೆಯಾಗಿಡುವ ಚಿಪ್) ಹಾಕಿ. ಈ ಪಿನ್‌ಗಳು 5 ವೋಲ್ಟ್ ಕೂಡ ತಡೆಯುವುದಿಲ್ಲ. ಮೋಟಾರಿನ 230 ವೋಲ್ಟ್ ಹಾಯುವ ಫ್ಲೋಟಿನಿಂದಲೇ ಎರಡು ವೈರ್ ಎಳೆಯುವ ಯೋಚನೆ ಬೇಡ. ಬೋರ್ಡಿಗೆ ಬೇರೆಯದೇ ಒಂದು ಫ್ಲೋಟ್ ಇಳಿಬಿಡಿ.